ಹಿಡಿ ಕಾಳಿನಿಂದ ಟ್ರಸ್ಟ್ ಕಟ್ಟಿದ್ದು: ನನ್ನ ಅನುಭವ

ನಮ್ಮ ಡಬ್ಬಿ ಇರುವ ಮನೆಯವರು ಅಡುಗೆಗೆ ಮೊದಲು ಒಂದು ಹಿಡಿ ಕಾಳು ಅದಕ್ಕೆ ಹಾಕ್ತಾರೆ, ಆ ಕಾಳಿನಿಂದ ನಮ್ಮ ಟ್ರಸ್ಟ್ ಹುಬ್ಬಳ್ಳಿಯಲ್ಲಿ ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ಬೆಳಿಗ್ಗೆ ಅಂಬಲಿ ಕೊಡುತ್ತದೆ. ಹೋದ ತಿಂಗಳ ಎರಡು ಶನಿವಾರದ ಕಾಳು ಸೇರಿಸಿ ತೂಗಿದಾಗ 212 ಕೆಜಿ ಬಂತು. ಎರಡು ಕ್ವಿಂಟಲ್ ದಾಟಿದ್ದು ಇದೇ ಮೊದಲು. ನನ್ನ ಹೆಂಡತಿಗೆ ನಂಬಿಕೆ ಬರಲಿಲ್ಲ. ಇನ್ನೊಮ್ಮೆ ತೂಗಿದೆವು, ಅಷ್ಟೇ ಬಂತು. ಏಳು ವರ್ಷದ ಹಿಂದೆ ನಮ್ಮ ಸಭೆಯ, ಅಂದರೆ ಚರ್ಚಿನ, ಮೀಟಿಂಗಿನಲ್ಲಿ ಒಬ್ಬ ಹಿರಿಯರು ಎದ್ದು ನಿಂತು, "ಹಿಡಿ ಕಾಳಿನ್ಯಾಗ ಸಂಸ್ಥಾ ನಡೀತೈತೇನ್ರೀ? ಫಾರಿನ್ ಫಂಡ್ ಇಲ್ದ ಇಂಥಾವು ಒಂದು ವರ್ಷಾನೂ ಉಳಿಯೂದಿಲ್ಲ" ಅಂದಿದ್ದರು. ಈಗ ಅವರ ಮನೆಯಿಂದಲೂ ಡಬ್ಬಿ ಬರುತ್ತದೆ, ಅದೂ ತುಂಬಿದ ಡಬ್ಬಿ. ಗದಗ, ಹಾವೇರಿ ಕಡೆಯ ಸಭೆಗಳವರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳೋದಕ್ಕಿಂತ ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು.

ಟ್ರಸ್ಟ್ ಡೀಡ್ ಮಾಡಿಸೋದು, ಪ್ಯಾನ್ ತೆಗೆಸೋದು, ಬ್ಯಾಂಕ್ ಖಾತೆ, ಇವೆಲ್ಲ ನಿಮಗೆ ಗೊತ್ತಿದ್ದದ್ದೇ, ಬಿಟ್ಟುಬಿಡ್ತೀನಿ. ಸೊಸೈಟಿ ಮಾಡಬೇಕಾದರೆ ಏಳು ಜನ ಬೇಕು, ನಮ್ಮ ಹತ್ತಿರ ಆಗ ಸಹಿ ಹಾಕುವ ಧೈರ್ಯ ಇದ್ದವರು ನಾಲ್ಕೇ ಜನ. ಹಾಗಾಗಿ ಟ್ರಸ್ಟ್ ಮಾಡಿದೆವು.

ನಾನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ಮೂವತ್ತು ವರ್ಷ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಹಳೇ ಹುಬ್ಬಳ್ಳಿ ಕಡೆ ಕೂಲಿ ನಾಕಾದಲ್ಲಿ ಜನ ನಿಂತಿರೋದನ್ನು ನೋಡಿದ್ದೇನೆ. ಗೌಂಡಿಗಳು, ಅವರ ಕೈಕೆಳಗಿನ ಹೆಣ್ಣಾಳುಗಳು, ಹಮಾಲರು, ಬಣ್ಣ ಬಳಿಯುವವರು. ಕೈಯಲ್ಲಿ ಕರಣಿ, ಸಣ್ಣ ಚೀಲ. ಆರು ಗಂಟೆಗೆ ಬಂದು ನಿಂತರೆ ಒಂಬತ್ತರವರೆಗೂ ನಿಲ್ಲುತ್ತಾರೆ, ಯಾರೂ ಕರೆಯದಿದ್ದರೆ ವಾಪಸ್. ಹೊಟ್ಟೆಗೆ ಒಂದು ಕಪ್ ಚಾ ಬಿಟ್ಟರೆ ಏನೂ ಇರೋದಿಲ್ಲ. ರಿಟೈರ್ ಆದ ಮೇಲೆ ಇವರಿಗೆ ಏನಾದರೂ ಮಾಡಬೇಕು ಅನ್ನೋದು ನನ್ನ ಮನಸ್ಸಿನಲ್ಲಿ ಬಹಳ ವರ್ಷದಿಂದ ಇತ್ತು.

ಆದರೆ ಶುರು ಮಾಡಿದ್ದು ನಾಕಾದಿಂದ ಅಲ್ಲ. ಮೂರು ಬೇರೆ ಕೆಲಸಕ್ಕೆ ಕೈ ಹಾಕಿ ಮೂರರಲ್ಲೂ ಸೋತು ಆಮೇಲೆ ನಾಕಾಕ್ಕೆ ಬಂದೆವು. ಅದನ್ನು ವಿವರವಾಗಿ ಹೇಳ್ತೀನಿ, ಯಾಕಂದ್ರೆ ಈಗಲೂ ಎಷ್ಟೋ ಸಭೆಗಳು ಅದನ್ನೇ ಮಾಡ್ತಾ ಇವೆ.

ಮೊದಲನೆಯದು ಕಂಬಳಿ. 2016ರ ಕ್ರಿಸ್‌ಮಸ್‌ಗೆ ಅರವತ್ತು ಕಂಬಳಿ ತಂದೆವು, ಒಂದಕ್ಕೆ ಸುಮಾರು 250 ರೂಪಾಯಿ, ಹದಿನೈದು ಸಾವಿರ ಖರ್ಚು. ರಾತ್ರಿ ಸ್ಟೇಷನ್ ಸುತ್ತಮುತ್ತ, ಬಸ್ ಸ್ಟ್ಯಾಂಡ್ ಹತ್ತಿರ ಮಲಗಿದವರಿಗೆ ಹೊದಿಸಿ ಬಂದೆವು. ಮನಸ್ಸು ತುಂಬಿ ಬಂದಿತ್ತು. ವಾರ ಬಿಟ್ಟು ಹೋಗಿ ನೋಡಿದರೆ ಕಂಬಳಿ ಹೊದ್ದವರು ಹತ್ತು ಜನವೂ ಇಲ್ಲ. ಮಾರಿಕೊಂಡು ಕುಡಿದರು ಅಂತ ನಮ್ಮವರೇ ಸಿಟ್ಟಾದರು. ನಾನು ಒಬ್ಬ ಅಜ್ಜನನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. ಅವನು ಹೇಳಿದ್ದು ಇಷ್ಟು: "ಹಗಲಿಗೆ ಎಲ್ಲಿ ಇಡಲಿ ಅಣ್ಣಾರ? ಹೊತ್ಕೊಂಡು ಕೂಲಿಗೆ ಹ್ವಾದ್ರ ಯಾರೂ ಕರಿಯೂದಿಲ್ಲ. ಗಿಡದ ಮ್ಯಾಲ ಇಟ್ಟೆ, ಒಯ್ದರು." ಇಡೋಕೆ ಜಾಗ ಇಲ್ಲದವನಿಗೆ ನಾವು ಸಾಮಾನು ಕೊಟ್ಟಿದ್ದೆವು. ಆ ಒಂದು ಮಾತು ಆಮೇಲೆ ಬಹಳ ಕೆಲಸಕ್ಕೆ ಬಂತು, ಮುಂದೆ ಹೇಳ್ತೀನಿ.

ಎರಡನೆಯದು ಭಾನುವಾರದ ಪಲಾವ್ ಪ್ಯಾಕೆಟ್. ಆರಾಧನೆ ಮುಗಿಸಿ ನೂರು ಪ್ಯಾಕೆಟ್ ಹಂಚುತ್ತಿದ್ದೆವು, ಆರೇಳು ತಿಂಗಳು ನಡೆಸಿದೆವು. ಭಾನುವಾರ ಎಲ್ಲರಿಗೂ ಪುಣ್ಯ ಮಾಡುವ ದಿನ. ಹುಟ್ಟುಹಬ್ಬದವರು, ತಿಥಿಯವರು, ನಮ್ಮಂಥ ಸಭೆಯವರು, ಬೇರೆ ಸಂಘದವರು, ಎಲ್ಲರೂ ಅದೇ ಸ್ಟೇಷನ್ ರೋಡಿಗೆ ಬರ್ತಾರೆ. ಒಬ್ಬೊಬ್ಬರ ಮುಂದೆ ಮೂರು ಮೂರು ಪ್ಯಾಕೆಟ್ ಒಡೆಯದೆ ಬಿದ್ದಿದ್ದನ್ನು ಕಣ್ಣಾರೆ ಕಂಡೆ. ಸೋಮವಾರ ಬೆಳಿಗ್ಗೆ ಅದೇ ಜನ ಹಸಿದು ಕೂತಿದ್ದರು.

ಮೂರನೆಯದು ದುಡ್ಡು ಕಳೆದುಕೊಂಡದ್ದು. ಟ್ರಸ್ಟ್ ರಿಜಿಸ್ಟರ್ ಆಗಿ ಇನ್ನೂ ಆರು ತಿಂಗಳಾಗಿರಲಿಲ್ಲ. ಎಫ್‌ಸಿಆರ್‌ಎ (ಹೊರದೇಶದ ದೇಣಿಗೆ ತೆಗೆದುಕೊಳ್ಳೋಕೆ ಬೇಕಾದ ಸರ್ಕಾರಿ ಅನುಮತಿ) ಮಾಡಿಸಿಕೊಡ್ತೀನಿ, ಹೊರದೇಶದ ದಾನಿಗಳ ಪರಿಚಯ ಇದೆ ಅಂತ ಒಬ್ಬ ಮಧ್ಯವರ್ತಿ ಬಂದ. ನಲವತ್ತು ಸಾವಿರ ತೆಗೆದುಕೊಂಡ. ಅರ್ಧ ನನ್ನ ಪಿಎಫ್ ದುಡ್ಡು. ಆಮೇಲೆ ಫೋನ್ ಎತ್ತಲಿಲ್ಲ. ಕಾಯ್ದೆಯಲ್ಲಿ ಏನಿದೆ ಅಂತ ನಾವೇ ಮೊದಲು ಕೇಳಿಕೊಳ್ಳಬೇಕಿತ್ತು. ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಕೆಲಸ ಮಾಡಿದ ಲೆಕ್ಕ ಇರಬೇಕು. 2020ರಿಂದ ಇನ್ನೂ ಬಿಗಿ ಆಗಿದೆ: ಹಿಂದಿನ ಮೂರು ವರ್ಷದಲ್ಲಿ ಕೆಲಸಕ್ಕೇ 15 ಲಕ್ಷ ಖರ್ಚು ಮಾಡಿ ತೋರಿಸಬೇಕು, ಆಫೀಸ್ ಖರ್ಚು ಶೇ. 20 ದಾಟುವ ಹಾಗಿಲ್ಲ, ದುಡ್ಡು ಮೊದಲು ದಿಲ್ಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮಂಥ ಸಣ್ಣವರು ಆ ದಾರಿಯ ಕಡೆ ನೋಡಬೇಡಿ. ನಾನು ಅನುಭವಿಸಿ ಹೇಳ್ತಾ ಇದ್ದೇನೆ.

ಆಗ ನೆನಪಾದದ್ದು ನಮ್ಮಜ್ಜಿ. ಬೆಟಗೇರಿಯವಳು. ಒಲೆಯ ಪಕ್ಕ ಒಂದು ಸಣ್ಣ ಗಡಿಗೆ ಇಟ್ಟಿರುತ್ತಿದ್ದಳು. ಜೋಳ ಬೀಸೋಕೆ ತೆಗೆಯುವಾಗ ಒಂದು ಹಿಡಿ ಅದಕ್ಕೆ ಹಾಕಿ ಆಮೇಲೆ ಉಳಿದದ್ದು. ಆ ಗಡಿಗೆ ಯಾರಿಗೆ ಅಂತ ಕೇಳಿದರೆ "ಇಲ್ಲದವರಿಗೆ" ಅಂತಿದ್ದಳು, ಅಷ್ಟೇ. ಬೈಬಲ್ಲಿನ ಚಾರೆಪ್ತದ ವಿಧವೆಯ ಮಡಕೆಯಲ್ಲಿ ಇದ್ದದ್ದೂ ಒಂದು ಹಿಡಿ ಹಿಟ್ಟೇ ಅಲ್ವಾ. ಮಿಜೋರಾಮಿನ ಸಭೆಗಳಲ್ಲಿ ಹೆಂಗಸರು 1910ರಿಂದ ಇದನ್ನೇ ಮಾಡಿಕೊಂಡು ಬಂದಿದ್ದಾರೆ. ಪ್ರತಿ ಅಡುಗೆಗೆ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡ್ತಾರೆ. ಅದರಿಂದಲೇ ಅಲ್ಲಿ ದೊಡ್ಡ ದೊಡ್ಡ ಸೇವೆಗಳು ನಡೆಯುತ್ತಿವೆ.

ಫಾರಿನ್ ಫಂಡ್ ಇಲ್ಲದೆ ಆಗಲ್ಲ ಅಂದವರಿಗೆ ನಾನು ಮೀಟಿಂಗಿನಲ್ಲಿ ಇನ್ನೊಂದು ಮಾತು ಹೇಳಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ಬೆಟಗೇರಿಗೆ 1841ರಲ್ಲಿ. ಅವರ ಹತ್ತಿರ ದೊಡ್ಡ ಫಂಡ್ ಇತ್ತು ಅಂತ ನಾವೆಲ್ಲ ತಿಳಿದಿದ್ದೇವೆ. 1850ರ ದಶಕದಲ್ಲಿ ಕಾರ್ಲ್ ಸರಾಸಿನ್ ಎಂಬುವರು ಬಾಸೆಲ್‌ನಲ್ಲಿ ಒಂದು ಸಂಗ್ರಹ ಶುರು ಮಾಡಿದರು. ಒಬ್ಬೊಬ್ಬರು ವಾರಕ್ಕೆ ಅರ್ಧ ಬಾಟ್ಸನ್ ಕೊಡೋದು. ಅದು ನಮ್ಮ ಹಳೇ ದುಗ್ಗಾಣಿಯಂಥ ಸಣ್ಣ ಕಾಸು. ಕೊಟ್ಟವರಲ್ಲಿ ರೈತರು, ಮನೆಗೆಲಸದ ಹುಡುಗಿಯರು, ಕೂಲಿಯವರು ಬಹಳ. ಹಂಗಾದರೆ ನಮ್ಮ ಊರಿಗೆ ಬಂದ ಆ ಫಾರಿನ್ ಫಂಡೂ ಬಡವರ ಹಿಡಿ ಕಾಳೇ ಆಗಿತ್ತು. ಅವರು ಅಲ್ಲಿಂದ ಅಷ್ಟು ದೂರಕ್ಕೆ ಕಳಿಸಿದರು, ನಾವು ಕೇಶ್ವಾಪುರದಿಂದ ಹಳೇ ಹುಬ್ಬಳ್ಳಿಗೆ ಕಳಿಸೋಕೆ ಆಗಲ್ವಾ ಅಂದೆ. ಮೀಟಿಂಗ್ ಸುಮ್ನೆ ಆಯಿತು. ಒಪ್ಪಿದರು ಅಂತ ಹೇಳಲಾರೆ, ಆದರೆ 23 ಮನೆಯವರು ಡಬ್ಬಿ ತೆಗೆದುಕೊಂಡರು.

ಈಗ ಕಾಳಿನ ವಿಷಯ. ಇದರಲ್ಲೇ ನಾವು ಒಂದೂವರೆ ವರ್ಷ ಒದ್ದಾಡಿದ್ದು.

ಮೊದಲು ಬಟ್ಟೆ ಚೀಲ ಕೊಟ್ಟೆವು. ಇಲಿ ಕಡಿದವು. ಆಮೇಲೆ ಎರಡು ಕೆಜಿ ಹಿಡಿಸುವ ಪ್ಲಾಸ್ಟಿಕ್ ಡಬ್ಬಿ ಕೊಟ್ಟೆವು, ಮುಚ್ಚಳದ ಮೇಲೆ ನಂಬರ್ ಬರೆದು. ಹೆಸರು ಬರೆಯಲಿಲ್ಲ, ಬೇಕಂತಲೇ. ಹೆಸರು ಬರೆದರೆ ಯಾರ ಡಬ್ಬಿ ಎಷ್ಟು ತುಂಬಿದೆ ಅಂತ ಮಾತು ಶುರುವಾಗುತ್ತದೆ. ಮೊದಲ ತಿಂಗಳು 23 ಮನೆಯಿಂದ ಬಂದದ್ದು 19 ಕೆಜಿ. ಲೆಕ್ಕದ ಪ್ರಕಾರ ಐವತ್ತು ದಾಟಬೇಕಿತ್ತು. ಒಂದು ಹಿಡಿ ಅಂದರೆ ನನ್ನ ಕೈಯಲ್ಲಿ ಅರವತ್ತು ಗ್ರಾಂ, ನನ್ನ ಹೆಂಡತಿಯ ಕೈಯಲ್ಲಿ ನಲವತ್ತು. ದಿನಕ್ಕೆ ಎರಡು ಹೊತ್ತು ಹಾಕಿದರೆ ತಿಂಗಳಿಗೆ ಎರಡೂ ಕಾಲು ಕೆಜಿ ಆಗಲೇಬೇಕು. ಜನ ಮರೆಯುತ್ತಿದ್ದರು, ಅಷ್ಟೇ. ಡಬ್ಬಿ ಅಟ್ಟದ ಮೇಲೆ, ಫ್ರಿಜ್ಜಿನ ಹಿಂದೆ ಇರುತ್ತಿತ್ತು. ನಮ್ಮ ಸ್ತ್ರೀಯರ ಕೂಟದ ಅಕ್ಕನವರು ಮನೆಮನೆಗೆ ಹೋಗಿ ಹೇಳಿದ್ದು ಒಂದೇ ಮಾತು: ಡಬ್ಬಿಯನ್ನು ಅಕ್ಕಿ ಡಬ್ಬದ ಒಳಗೇ ಇಡಿ. ಅಕ್ಕಿ ತೆಗೆಯಬೇಕಾದರೆ ಅದನ್ನು ಎತ್ತಲೇಬೇಕು. ಮುಂದಿನ ತಿಂಗಳು 38 ಕೆಜಿ.

ತಿಂಗಳಿಗೊಮ್ಮೆ ಸಂಗ್ರಹ ಮಾಡಿದರೆ ಹುಳು ಬೀಳುತ್ತವೆ. ವಾರಕ್ಕೊಮ್ಮೆ ಮಾಡಿದರೆ ಓಡಾಡುವವರು ಸುಸ್ತಾಗಿ ಬಿಟ್ಟುಬಿಡ್ತಾರೆ. ಎರಡನೇ ಮತ್ತು ನಾಲ್ಕನೇ ಶನಿವಾರ ಅಂತ ಮಾಡಿದ ಮೇಲೆ ಸರಿಹೋಯಿತು. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ ಆದದ್ದು ನಮಗೆ ದೊಡ್ಡ ಸಹಾಯ. ಮೊದಲು ಆಟೋಕ್ಕೇ ತಿಂಗಳಿಗೆ 1,200 ಹೋಗುತ್ತಿತ್ತು. ಈಗ ಅಕ್ಕನವರು ಇಬ್ಬಿಬ್ಬರಾಗಿ ಸಿಟಿ ಬಸ್‌ನಲ್ಲಿ ಚೀಲ ಹಿಡಿದು ಬರುತ್ತಾರೆ.

ಅದೇ ವರ್ಷ ಇನ್ನೊಂದು ಆಯಿತು. ಜುಲೈಯಿಂದ ರೇಷನ್‌ನ ಹೆಚ್ಚುವರಿ ಐದು ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಬರೋಕೆ ಶುರುವಾಯಿತು. ನಮ್ಮ ಡಬ್ಬಿ ಹಾಕುವ ಮನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಪಿಎಲ್ ಮನೆಗಳೇ. ಮನೆಯಲ್ಲಿ ಅಕ್ಕಿ ಕಡಿಮೆ ಆದ ಕೂಡಲೇ ಹಿಡಿಯೂ ಸಣ್ಣದಾಯಿತು, ಆ ತಿಂಗಳುಗಳಲ್ಲಿ ಸುಮಾರು ಮೂವತ್ತು ಕೆಜಿ ಕಡಿಮೆ ಬಿತ್ತು. ಜೋಳದ ರೇಟೂ ಆ ವರ್ಷ ಏರಿ ಕೂತಿತ್ತು. ಆದರೆ ಒಂದು ಮನೆಯೂ ಡಬ್ಬಿ ವಾಪಸ್ ಕೊಡಲಿಲ್ಲ. ಸೆಟ್ಲಮೆಂಟ್ ಕಡೆಯ ಒಬ್ಬ ಅವ್ವ, ಮನೆಗೆಲಸ ಮಾಡಿ ಬದುಕುವವರು, ಡಬ್ಬಿಯ ತಳದಲ್ಲಿ ನಾಲ್ಕು ಬೆರಳು ಅಕ್ಕಿ ಇಟ್ಟು ಕಳಿಸಿ, "ಮುಂದಿನ ಸಲ ಜಾಸ್ತಿ ಹಾಕ್ತೀನಿ, ಸಿಟ್ಟಾಗಬ್ಯಾಡ್ರಿ" ಅಂತ ಹೇಳಿ ಕಳಿಸಿದ್ದರು. ಆ ಡಬ್ಬಿ ಹಿಡಿದುಕೊಂಡು ನಾನು ಬಹಳ ಹೊತ್ತು ಕೂತಿದ್ದೆ.

ಇನ್ನು ಅಡುಗೆ. ನೂರು ಮನೆಯ ಅಕ್ಕಿ ಅಂದರೆ ನೂರು ತರಹದ ಅಕ್ಕಿ. ಸೋನಾ ಮಸೂರಿ, ಸ್ಟೀಮ್, ಕುಚ್ಚಲಕ್ಕಿ, ರೇಷನ್ನಿನದು, ಹಳೇದು, ಹೊಸದು. ಎಲ್ಲ ಸೇರಿಸಿ ಅನ್ನಕ್ಕಿಟ್ಟರೆ ಅರ್ಧ ಮುದ್ದೆ, ಅರ್ಧ ಕಾಳು. ಮೊದಲ ದಿನ ನಾಕಾದಲ್ಲಿ ಒಬ್ಬ ಗೌಂಡಿ ತಾಟು ತಿರುಗಿಸಿ ಇಟ್ಟು ಹೋದ. ಬೇಯದ ಅಕ್ಕಿ ತಿಂದು ಬಿಸಿಲಲ್ಲಿ ಇಟ್ಟಿಗೆ ಹೊರೋಕೆ ಆಗಲ್ಲ ಅಂದ. ಸರಿಯಾದ ಮಾತೇ. ಬೇರೆ ಬೇರೆ ಮಾಡಿ ಆರಿಸೋಣ ಅಂತ ಒಂದು ತಿಂಗಳು ಹೆಣಗಿದೆವು, ಆಗಲಿಲ್ಲ. ಆ ಅಕ್ಕಿಯನ್ನು ಅಂಗಡಿಗೆ ಕೊಟ್ಟು ಒಂದೇ ತರಹದ್ದು ತರೋಣ ಅಂತ ಕೆಲವರು ಅಂದರು. ನಾನು ಒಪ್ಪಲಿಲ್ಲ. ರೇಷನ್ ಅಕ್ಕಿ ಮಾರೋದು ತಪ್ಪು, ಅದೂ ಅಲ್ಲದೆ ಮನೆಯವರು ಪ್ರಾರ್ಥನೆ ಮಾಡಿ ಹಾಕಿದ ಕಾಳು, ಅದು ಹಸಿದವನ ಹೊಟ್ಟೆಗೇ ಹೋಗಬೇಕು.

ದಾರಿ ತೋರಿಸಿದ್ದು ನಮ್ಮ ಗಿರಣಿಯ ಕಾಕಾ. ಒಡೆದುಬಿಡ್ರಿ ಅಂದ. ನುಚ್ಚು ಮಾಡಿದರೆ ಯಾವ ಅಕ್ಕಿ ಅನ್ನೋದೇ ಇರೋದಿಲ್ಲ. ಜೋಳವನ್ನೂ ಅಕ್ಕಿಯನ್ನೂ ಬೇರೆ ಬೇರೆ ಒಡೆಸಿ, ಜರಡಿ ಹಿಡಿದು, ಹಿಟ್ಟು ಬೇರೆ ನುಚ್ಚು ಬೇರೆ ಮಾಡಿ, ರಾತ್ರಿ ನೆನೆಹಾಕಿ ಬೆಳಿಗ್ಗೆ ನಾಲ್ಕೂವರೆಗೆ ಬೇಯಿಸಿ, ಉಗುರುಬೆಚ್ಚಗಾದ ಮೇಲೆ ಮಜ್ಜಿಗೆ ಹಾಕಿದರೆ ಗಟ್ಟಿ ಅಂಬಲಿ. ಜೊತೆಗೆ ಉಳ್ಳಾಗಡ್ಡಿ, ಶೇಂಗಾ ಚಟ್ನಿ. ಬೇಸಿಗೆಯಲ್ಲಿ ಇದಕ್ಕಿಂತ ಒಳ್ಳೇದು ಯಾವುದೂ ಇಲ್ಲ. ಜೋಳಕ್ಕೆ ಅಕ್ಕಿ ಎಷ್ಟು, ಎಷ್ಟು ತಾಸು ನೆನೆಯಬೇಕು, ಅಂಬಲಿ ಹನ್ನೊಂದು ಗಂಟೆಯಾದರೂ ಹುಳಿಯೇರದ ಹಾಗೆ ಏನು ಹಾಕ್ತೀವಿ ಅನ್ನೋದನ್ನು ಇಲ್ಲಿ ಬರೆಯಲ್ಲ. ಬಂದು ಒಂದು ದಿನ ನಮ್ಮ ಜೊತೆ ನಾಲ್ಕೂವರೆಗೆ ಎದ್ದು ಕಲಕಿದವರಿಗೆ ಅಕ್ಕನವರೇ ಹೇಳಿಕೊಡ್ತಾರೆ. ನಾಕಾದವರು ಈಗ ಚೀಲದಲ್ಲಿ ಬಾಟಲಿ ತಂದು ಮಧ್ಯಾಹ್ನಕ್ಕೂ ತುಂಬಿಸಿಕೊಂಡು ಹೋಗ್ತಾರೆ, ಅದಕ್ಕಿಂತ ಸರ್ಟಿಫಿಕೇಟ್ ಬೇಕಾ?

ದುಡ್ಡು ತೆಗೆದುಕೊಳ್ಳೋದರ ಬಗ್ಗೆ ಸಭೆಯಲ್ಲಿ ಜಗಳವೇ ಆಯಿತು. 2019ರ ಜನವರಿಯಲ್ಲಿ ನಾಕಾದಲ್ಲಿ ಶುರು ಮಾಡಿದಾಗ ಪೂರ್ತಿ ಫ್ರೀ. ದಿನಾ 140 ಜನ ಬರುತ್ತಿದ್ದರು. ನೋಡೋಕೆ ಚೆನ್ನಾಗಿತ್ತು. ಆದರೆ ಸರಿಯಾಗಿ ಗಮನಿಸಿದರೆ ಅದರಲ್ಲಿ ಕೂಲಿಯವರು ಅರ್ಧವೂ ಇಲ್ಲ. ಕೂಲಿಯವರು ರಸ್ತೆಯ ಆಚೆ ನಿಂತು ನೋಡುತ್ತಿದ್ದರು. ಒಬ್ಬ ಹೆಣ್ಣುಮಗಳನ್ನು ಬಾ ಯವ್ವಾ ಅಂತ ಕರೆದೆ. "ನಾವು ದುಡಿಯಾಕ ಬಂದೇವ್ರಿ, ಬೇಡಾಕ ಬಂದಿಲ್ಲ" ಅಂದಳು. ಮುಖಕ್ಕೆ ಹೊಡೆದ ಹಾಗಾಯಿತು. ಮರುವಾರವೇ ಒಂದು ತಗಡಿನ ಡಬ್ಬಿ ಇಟ್ಟೆವು. ಒಂದು ವಾಟಗಾ ಅಂಬಲಿಗೆ ಐದು ರೂಪಾಯಿ. ಡಬ್ಬಿಯ ಹತ್ತಿರ ಯಾರೂ ನಿಲ್ಲೋದಿಲ್ಲ, ಹಾಕಿದರೆ ಹಾಕಿದ, ಇಲ್ಲದವನು ಇಲ್ಲ. ಯಾರೂ ಕೇಳೋದಿಲ್ಲ.

ಬಡವರ ಹತ್ತಿರ ದುಡ್ಡು ತಗೋತೀರಾ ಅಂತ ನಮ್ಮ ಟ್ರಸ್ಟಿಗಳಲ್ಲೇ ಒಬ್ಬರು ರಾಜೀನಾಮೆ ಕೊಟ್ಟರು. ಇದು ನಾವು ಕಂಡುಹಿಡಿದದ್ದಲ್ಲ. ಲಂಡನ್ನಿನಲ್ಲಿ 1865ರಲ್ಲಿ ಈಸ್ಟ್ ಎಂಡ್‌ನ ಬಡವರ ನಡುವೆ ಕೆಲಸ ಶುರು ಮಾಡಿದ ವಿಲಿಯಂ ಬೂತ್ ಮತ್ತು ಕ್ಯಾಥರಿನ್ ಬೂತ್, ಆಮೇಲೆ 1878ರಲ್ಲಿ ಅದೇ ಸಾಲ್ವೇಶನ್ ಆರ್ಮಿ ಆಯಿತು, ಅವರೂ ಹೀಗೇ ಮಾಡಿದ್ದರು. 1870ರ ದಶಕದಲ್ಲಿ ಅಗ್ಗದ ಊಟದ ಅಂಗಡಿಗಳನ್ನು ತೆಗೆದರು, ಕೆಲವೇ ವರ್ಷದಲ್ಲಿ ಮುಚ್ಚಬೇಕಾಯಿತು. ಬಿಡಲಿಲ್ಲ. 1888ರಲ್ಲಿ ಲೈಮ್‌ಹೌಸ್‌ನಲ್ಲಿ ಮತ್ತೆ ಊಟ ಮತ್ತು ವಸತಿಯ ಕೇಂದ್ರ ತೆರೆದರು. ಅಲ್ಲಿಯೂ ಪುಕ್ಕಟೆ ಅಲ್ಲ, ಕಾಸಿನ ಲೆಕ್ಕದ ಸಣ್ಣ ಬೆಲೆ ಇತ್ತು. ಅಷ್ಟು ವರ್ಷ ಬಿಟ್ಟು ಅದೇ ಕೆಲಸಕ್ಕೆ ಮತ್ತೆ ಕೈ ಹಾಕಿದರು ಅನ್ನೋದೇ ನನಗೆ ಬಹಳ ಧೈರ್ಯ ಕೊಟ್ಟ ಸಂಗತಿ.

ಐದು ರೂಪಾಯಿ ಅಂದ ಮೊದಲ ವಾರ 140 ಇದ್ದದ್ದು 65ಕ್ಕೆ ಇಳಿಯಿತು. ನೋಡಿದ್ರಾ, ಹೇಳಿರಲಿಲ್ವಾ ಅಂದರು. ಮೂರನೇ ವಾರದಿಂದ ರಸ್ತೆಯ ಆಚೆ ಇದ್ದವರು ಈಚೆ ಬಂದರು. ಎರಡು ತಿಂಗಳಲ್ಲಿ ನೂರು. ಈಗಲೂ ಸುಮಾರು ನೂರೇ, ಮಳೆಗಾಲದಲ್ಲಿ ಎಂಬತ್ತು. ನೂರರಲ್ಲಿ ಅರವತ್ತು ಜನ ದುಡ್ಡು ಹಾಕುತ್ತಾರೆ. ಕೆಲಸ ಸಿಕ್ಕ ಮರುದಿನ ಹತ್ತು ಹಾಕುವವರೂ ಇದ್ದಾರೆ.

ತಿಂಗಳ ಲೆಕ್ಕ ಎಲ್ಲರೂ ಕೇಳ್ತಾರೆ, ನೆನಪಿನಿಂದ ಹೇಳ್ತೀನಿ. ಅಡುಗೆಯ ಇಬ್ಬರು ಅಕ್ಕಂದಿರಿಗೆ ಆರಾರು ಸಾವಿರ. ಇದು ಮುಖ್ಯ, ಸೇವೆ ಅಂತ ಹೇಳಿ ಅವರ ಹತ್ತಿರ ಬಿಟ್ಟಿ ದುಡಿಸಬೇಡಿ, ಅವರೂ ಬಡವರೇ. ರೂಮಿನ ಬಾಡಿಗೆ ನಾಲ್ಕೂವರೆ ಸಾವಿರ. ಕಮರ್ಷಿಯಲ್ ಸಿಲಿಂಡರ್ ಮೂರು, ಐದೂವರೆ ಸಾವಿರದ ಹತ್ತಿರ. ಮಜ್ಜಿಗೆ, ಶೇಂಗಾ, ಉಳ್ಳಾಗಡ್ಡಿ, ಗಿರಣಿ ಎಲ್ಲ ಸೇರಿ ಎಂಟು ಸಾವಿರ. ಒಟ್ಟು ಮೂವತ್ತು ಸಾವಿರ. ಬರೋದು: ತಗಡಿನ ಡಬ್ಬಿಯಿಂದ ಏಳೂವರೆ ಎಂಟು ಸಾವಿರ, ತಿಂಗಳ ಕಾಣಿಕೆ ಕೊಡುವ ಐವತ್ತು ಮನೆಯಿಂದ ಹದಿನೈದು ಸಾವಿರ, ಉಳಿದದ್ದು ಸಭೆಯ ಸುಗ್ಗಿ ಹಬ್ಬಕ್ಕೆ ಜನ ತಂದು ಕೊಡುವ ಫಸಲಿನ ಹರಾಜಿನ ದುಡ್ಡನ್ನು ಹನ್ನೆರಡು ಪಾಲು ಮಾಡಿಕೊಂಡು ನಡೆಸ್ತೀವಿ. ಹೋದ ವರ್ಷ ಆ ಹರಾಜಿನಲ್ಲಿ ಒಂದು ಕುಂಬಳಕಾಯಿ 4,000ಕ್ಕೆ ಹೋಯಿತು. ಕಾಳು ದುಡ್ಡು ಕೊಟ್ಟು ತಂದದ್ದು ಏಳು ವರ್ಷದಲ್ಲಿ ಒಟ್ಟು ಆರೇಳು ಕ್ವಿಂಟಲ್ ಇರಬಹುದು, ಅದೂ ಬಹುಪಾಲು ಮೊದಲ ಎರಡು ವರ್ಷದ್ದು.

ಕಾಗದದ ವಿಷಯದಲ್ಲಿ ಎರಡೇ ಮಾತು. ನಮ್ಮ ಮೊದಲ ಡೀಡ್‌ನ ಕರಡಿನಲ್ಲಿ ಕ್ರೈಸ್ತ ಸಮಾಜದ ಬಡವರಿಗಾಗಿ ಅಂತ ಬರೆದಿದ್ದೆವು. ಆಡಿಟರ್ ನೋಡಿ, ಹೀಗೆ ಬರೆದರೆ 80ಜಿ (ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ) ಸಿಗೋದಿಲ್ಲ, ಒಂದು ಸಮುದಾಯಕ್ಕೆ ಮಾತ್ರ ಅನ್ನೋ ಹಾಗಿಲ್ಲ ಅಂದರು. ಜಾತಿ ಮತ ಭೇದವಿಲ್ಲದೆ ಅಂತ ತಿದ್ದಿದೆವು. ತೆರಿಗೆಗಾಗಿ ತಿದ್ದಿದ ಆ ಸಾಲೇ ನಮ್ಮನ್ನು ಸರಿದಾರಿಗೆ ತಂದಿತು ಅಂತ ಈಗ ಅನ್ನಿಸುತ್ತದೆ. ಇನ್ನೊಂದು, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟವರಿಗೆ ಆ ತೆರಿಗೆ ವಿನಾಯಿತಿ ಇಲ್ಲ, ಮೊದಲೇ ಹೇಳಿಬಿಡಿ, ಮಾರ್ಚ್‌ನಲ್ಲಿ ಬಂದು ಜಗಳ ಮಾಡ್ತಾರೆ. ಊಟ ಕೊಡುವವರು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ರಿಜಿಸ್ಟ್ರೇಶನ್ ಮಾಡಿಸಿಕೊಳ್ಳಿ, ವರ್ಷಕ್ಕೆ ನೂರು ರೂಪಾಯಿ.

ಮತಾಂತರದ ಮಾತು ಬಂದೇ ಬಂತು. ಎರಡನೇ ತಿಂಗಳಲ್ಲೇ ಅಕ್ಕಪಕ್ಕದ ಅಂಗಡಿಯವರು, ಗಲ್ಲಿಯ ಹುಡುಗರು ಬಂದು ಕೇಳಿದರು. ಸಿಟ್ಟಿನಿಂದಲೇ ಬಂದಿದ್ದರು. ನಾನು ಜಾಸ್ತಿ ಮಾತಾಡಲಿಲ್ಲ. ನಾಳೆಯಿಂದ ನೀವೇ ಬಂದು ಬಡಿಸಿ ಅಂದೆ. ಇಬ್ಬರು ನಿಜವಾಗಿ ಬಂದರು. ನಾಕಾದಲ್ಲಿ ನಾವು ಪತ್ರಿಕೆ ಹಂಚೋದಿಲ್ಲ, ಹಾಡು ಇಲ್ಲ, ಬ್ಯಾನರ್ ಇಲ್ಲ, ಬೈಬಲ್ ವಾಕ್ಯ ಬರೆದ ಬೋರ್ಡೂ ಇಲ್ಲ. ಪ್ರಾರ್ಥನೆ ನಾಲ್ಕೂವರೆಗೆ ಒಲೆ ಹಚ್ಚುವ ಮೊದಲು ಅಡುಗೆ ಮನೆಯಲ್ಲಿ, ನಾವು ಐದಾರು ಜನ, ಬಾಗಿಲು ಹಾಕಿಕೊಂಡು. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ ಬೇರೆಯವರು ಗಾಬರಿಯಾದರು, ನಮಗೆ ಒಂದು ದಿನವೂ ನಿಲ್ಲಿಸಬೇಕಾಗಲಿಲ್ಲ.

ಅದಕ್ಕೆ ಸಭೆಯ ಒಳಗಿನಿಂದ ಬೇರೆ ಪ್ರಶ್ನೆ ಬಂತು. ಹಂಗಾದ್ರ ಇದರಾಗ ಕ್ರಿಸ್ತನ ಹೆಸರು ಎಲ್ಲೈತ್ರೀ? ನಮ್ಮ ಅಯ್ಯನವರೇ (ಪಾಸ್ಟರ್) ಒಂದು ಭಾನುವಾರ ಉತ್ತರ ಕೊಟ್ಟರು. ಮತ್ತಾಯನ ಸುವಾರ್ತೆಯ ಇಪ್ಪತ್ತೈದನೇ ಅಧ್ಯಾಯ ಓದಿ, ಹಸಿದವನಿಗೆ ಕೊಟ್ಟವರಿಗೆ ತಾವು ಯಾರಿಗೆ ಕೊಟ್ಟೆವು ಅಂತಲೇ ಗೊತ್ತಿರಲಿಲ್ಲ, ಆಮೇಲೆ ಕೇಳಿದರು ನೋಡಿ ಅಂದರು. ನನಗೆ ಅಷ್ಟು ಸಾಕು. ಹಸಿವು ಇಟ್ಟುಕೊಂಡು ನಿಂತವನಿಗೆ ಅಂಬಲಿಯ ಜೊತೆ ಬೇರೆ ಏನನ್ನಾದರೂ ಕೈಗೆ ಹಿಡಿಸಿದರೆ ಅವನು ಬೇಡ ಅನ್ನೋಕೆ ಆಗೋದಿಲ್ಲ, ಬೇಡ ಅನ್ನಲಾಗದವನ ಕೈಗೆ ಕೊಡಬಾರದು. ಈಗ 120 ಮನೆಯ ಡಬ್ಬಿಗಳಲ್ಲಿ ನಲವತ್ತರ ಮೇಲೆ ನಮ್ಮ ಸಭೆಯದ್ದಲ್ಲ. ಲಿಂಗಾಯತರ ಮನೆಗಳಿವೆ, ಮುಸಲ್ಮಾನರ ಮನೆಗಳಿವೆ, ಅವತ್ತು ಸಿಟ್ಟಿನಿಂದ ಬಂದಿದ್ದ ಅಂಗಡಿಯವರ ಮನೆಯೂ ಇದೆ.

ಲಾಕ್‌ಡೌನ್ ಬಗ್ಗೆ ಬರೆದರೆ ಅದೇ ಒಂದು ಪುಸ್ತಕ ಆಗುತ್ತದೆ. ನಾಕಾ ಖಾಲಿ ಆಯಿತು, ನಾವು ಪಾಸ್ ತೆಗೆದುಕೊಂಡು ಮನೆಗಳಿಗೇ ನುಚ್ಚು ಕೊಟ್ಟು ಬಂದೆವು, ಅಷ್ಟು ಹೇಳಿ ಬಿಡ್ತೀನಿ.

ಪಕ್ಕದಲ್ಲಿ ಮಾಡಿದ ಪ್ರಯೋಗಗಳು ಒಂದಿಷ್ಟಿವೆ. ಕಂಬಳಿ ಅಜ್ಜನ ಮಾತು ನೆನಪಿಟ್ಟುಕೊಂಡು ಗುಜರಿಯಿಂದ 24 ತಗಡಿನ ಪೆಟ್ಟಿಗೆ ತಂದು, ನಾನೇ ಕೊಂಡಿ ಕೂರಿಸಿ, ಬಣ್ಣ ಬಳಿದು ಅಡುಗೆ ರೂಮಿನ ಹಿಂದೆ ಇಟ್ಟೆ. ಬೀದಿಯಲ್ಲಿ ಮಲಗುವವರು ಹಾಸಿಗೆ, ಆಧಾರ್, ಫೋಟೋ, ಒಂದು ಜೊತೆ ಒಳ್ಳೇ ಬಟ್ಟೆ ಇಟ್ಟು ಬೀಗ ಹಾಕಿ ಹೋಗ್ತಾರೆ. ಬೀಗ ಅವರದ್ದೇ. ಇದು ಅಂಬಲಿಗಿಂತ ಕಡಿಮೆ ಖರ್ಚಿನಲ್ಲಿ ಅಂಬಲಿಗಿಂತ ಜಾಸ್ತಿ ಕೆಲಸ ಮಾಡಿದೆ. ಒಟ್ಟು ಹನ್ನೊಂದು ಸಾವಿರ ಆಗಿರಬಹುದು. ಆ ಅಜ್ಜನ ಮುಂದಿನ ಕಂಬಳಿ ನಾಲ್ಕು ಚಳಿಗಾಲ ನಡೆಯಿತು, ಒಂದೇ ಕಂಬಳಿ.

ಸ್ನಾನದ ಮನೆ ಮಾಡಿದ್ದು ಸೋತಿತು. ಹುಬ್ಬಳ್ಳಿಯಲ್ಲಿ ನೀರಿನ ಕಥೆ ನಿಮಗೆ ಗೊತ್ತಲ್ಲ, ನಮ್ಮ ಗಲ್ಲಿಗೆ ವಾರಕ್ಕೊಮ್ಮೆ. ಟ್ಯಾಂಕರ್‌ಗೆ ಒಂದಕ್ಕೆ 600ರ ಮೇಲೆ ಕೊಟ್ಟು ಮೂರು ತಿಂಗಳು ನಡೆಸಿ ಕೈಬಿಟ್ಟೆವು. ಉಳಿತಾಯ ಡಬ್ಬಿಯೂ ಬೇಡ. ದಿನಾ ಇಪ್ಪತ್ತು ರೂಪಾಯಿ ನಮ್ಮ ಹತ್ತಿರ ಇಡೋಕೆ ಶುರು ಮಾಡಿದರು. ಒಂದು ದಿನ ಲೆಕ್ಕದಲ್ಲಿ 340 ರೂಪಾಯಿ ಕಡಿಮೆ ಬಂತು. ನಾನು ಕೈಯಿಂದ ತುಂಬಿದೆ. ಆದರೆ ಆ ಒಂದು ವಾರ ನಾಕಾದಲ್ಲಿ ಜನ ನನ್ನನ್ನು ನೋಡುವ ರೀತಿಯೇ ಬೇರೆ ಆಗಿತ್ತು. ಇನ್ನೊಬ್ಬರ ದುಡ್ಡು ಇಟ್ಟುಕೊಳ್ಳಬೇಡಿ, ಕರೆದುಕೊಂಡು ಹೋಗಿ ಪೋಸ್ಟ್ ಆಫೀಸಿನಲ್ಲಿ ಖಾತೆ ತೆಗೆಸಿ.

ಗೆದ್ದದ್ದು ಲೇಬರ್ ಕಾರ್ಡ್. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಸಿಗಬೇಕಾದರೆ ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು, ವಯಸ್ಸು 18ರಿಂದ 60ರ ಒಳಗಿರಬೇಕು. ನಾಕಾದ ಕೂಲಿಯವನು ತೊಂಬತ್ತು ದಿನ ತೊಂಬತ್ತು ಮಂದಿಯ ಹತ್ತಿರ ಕೆಲಸ ಮಾಡಿರ್ತಾನೆ, ಯಾರು ಸಹಿ ಹಾಕ್ತಾರೆ? ನಾವು ಒಂದು ನೋಟ್‌ಬುಕ್ ಇಟ್ಟೆವು. ಬೆಳಿಗ್ಗೆ ಅಂಬಲಿ ಕುಡಿಯುವಾಗಲೇ ನಿನ್ನೆ ಯಾವ ಕೆಲಸ, ಎಲ್ಲಿ, ಯಾರ ಹತ್ತಿರ, ಫೋನ್ ನಂಬರ್ ಏನು ಅಂತ ಬರೆದುಕೊಳ್ಳೋದು. ಆ ಪುಸ್ತಕ ಹಿಡಿದು ಹೋದರೆ ಮಾಲೀಕರು ಇಲ್ಲ ಅನ್ನೋದಿಲ್ಲ. ಹೀಗೆ ಅರವತ್ತರ ಹತ್ತಿರ ಕಾರ್ಡ್ ಮಾಡಿಸಿದ್ದೇವೆ. ಪುಸ್ತಕದಲ್ಲಿ ಇನ್ನೂ ಒಂದು ಕಾಲಮ್ ಇದೆ, ಅದು ಬಹಳ ಉಪಯೋಗಕ್ಕೆ ಬಂದಿದೆ, ಅದನ್ನು ಮಾತ್ರ ಎದುರಿಗೆ ಕೂತಾಗಲೇ ತೋರಿಸ್ತೀನಿ.

ಮುಂದಿನ ಶನಿವಾರ ಬೆಟಗೇರಿಯವರು ಎಂಟು ಜನ ಬರ್ತಾ ಇದ್ದಾರೆ. ಅಜ್ಜಿಯ ಊರಿನವರು ಅಂತ ನನಗೆ ಜಾಸ್ತಿಯೇ ಖುಷಿ. ಅವರಿಗಾಗಿ 30 ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದೇವೆ, ನಂಬರ್ ಬರೆದಾಗಿದೆ. ನಾಲ್ಕು ಮುಚ್ಚಳ ಕಡಿಮೆ ಬಿದ್ದಿವೆ, ನಾಳೆ ದುರ್ಗದ ಬೈಲಿಗೆ ಹೋಗಿ ತರಬೇಕು.